ಏಪ್ರಿಲ್‌ನಲ್ಲಿ ಬರೀ ಎರಚಲು, ಅಕ್ಟೋಬರ್‌ನಲ್ಲಿ ಬರೀ ಬಂಡೆ: ವಿಕ್ಟೋರಿಯಾ ಜಲಪಾತಕ್ಕೆ ತಿಂಗಳು ಆರಿಸುವ ಲೆಕ್ಕ

ಜೋಗಕ್ಕೆ ಯಾವಾಗ ಹೋಗಬೇಕು ಎಂದು ಸಾಗರದ ಕಡೆಯವರನ್ನು ಕೇಳಿ ನೋಡಿ. ಮಳೆ ಚೆನ್ನಾಗಿ ಹಿಡಿದು, ಆಮೇಲೆ ಒಂದೆರಡು ದಿನ ಹೊಳವಾದಾಗ ಬನ್ನಿ ಅನ್ನುತ್ತಾರೆ. ಮಳೆ ಬಂತು, ಹೊಳೆ ಏರಿತು, ಜಲಪಾತ ತುಂಬಿತು. ಲೆಕ್ಕ ಸರಳ. ಇದೇ ಲೆಕ್ಕ ಹಿಡಿದು ಜಾಂಬಿಯಾ-ಜಿಂಬಾಬ್ವೆ ಗಡಿಯ ವಿಕ್ಟೋರಿಯಾ ಜಲಪಾತಕ್ಕೆ ಟಿಕೆಟ್ ತೆಗೆದರೆ ಎರಡು ಕಡೆ ಏಟು ಬೀಳುತ್ತದೆ. ಅಲ್ಲಿ ಸ್ಥಳೀಯ ಮಳೆ ನಿಂತ ಮೇಲೆ ನೀರು ಏರುತ್ತದೆ. ಮತ್ತು ನೀರು ಹೆಚ್ಚಾದಷ್ಟೂ ಜಲಪಾತ ಕಾಣುವುದು ಕಡಿಮೆಯಾಗುತ್ತದೆ.

ನಮ್ಮ ಶಾಲೆಗಳ ಎರಡು ದೊಡ್ಡ ರಜೆಗಳು ಬೇರೆ ಈ ನದಿಯ ಎರಡು ತುದಿಗೆ ಸರಿಯಾಗಿ ಬಂದು ಕೂರುತ್ತವೆ. ಬೇಸಿಗೆ ರಜೆಯ ಏಪ್ರಿಲ್ ಅಂದರೆ ನೀರಿನ ನೆತ್ತಿ. ದಸರಾ ರಜೆಯ ಅಕ್ಟೋಬರ್ ಅಂದರೆ ನೀರಿನ ತಳ. ಏಪ್ರಿಲ್‌ನಲ್ಲಿ ಹೋಗಿ ಬಂದವರು ‘ಬರೀ ಬಿಳಿ ಮೋಡ, ಮೈಯೆಲ್ಲ ಒದ್ದೆ, ಕಂಡಿದ್ದೇನೂ ಇಲ್ಲ’ ಅನ್ನುತ್ತಾರೆ. ಅಕ್ಟೋಬರ್‌ನಲ್ಲಿ ಜಾಂಬಿಯಾ ಕಡೆಯಿಂದ ಮಾತ್ರ ನೋಡಿ ಬಂದವರು ‘ಒಣಗಿದ ಬಂಡೆ ನೋಡೋಕೆ ಅಷ್ಟು ದೂರ ಹೋಗಬೇಕಿತ್ತಾ’ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಾಗಂತ ಆ ತಿಂಗಳುಗಳಲ್ಲಿ ಹೋಗಲೇಬಾರದು ಅಂತಲ್ಲ. ಯಾವ ತಿಂಗಳಿಗೆ ಯಾವ ದೇಶದ ದಡ ಎನ್ನುವುದು ಗೊತ್ತಿರಬೇಕು, ಅಷ್ಟೆ.

ಅದಕ್ಕೆ ಮೊದಲು ಆ ಜಾಗದ ಆಕಾರ ತಲೆಯಲ್ಲಿ ಕೂರಬೇಕು. ಜೋಗದಲ್ಲಿ ನೀರು ಬೀಳುವ ಗೋಡೆ ಒಂದು ಕಡೆ, ನಾವು ನಿಲ್ಲುವುದು ಎದುರಿನ ದೂರದ ದಡದಲ್ಲಿ, ನಡುವೆ ಅಗಲವಾದ ಕಣಿವೆ. ವಿಕ್ಟೋರಿಯಾ ಹಾಗಿಲ್ಲ. ಅದು ಸಮತಟ್ಟಾದ ನೆಲದಲ್ಲಿ ಬಿಟ್ಟ ಒಂದು ಉದ್ದನೆಯ ಬಿರುಕು. ಜಾಂಬೆಜಿ ನದಿ ಉತ್ತರದಿಂದ ಹರಡಿಕೊಂಡು ಬಂದು, 1708 ಮೀಟರ್ ಅಗಲಕ್ಕೆ, ಸೀದಾ ಆ ಬಿರುಕಿನೊಳಗೆ ಬೀಳುತ್ತದೆ. ಅತಿ ಆಳದ ಕಡೆ 108 ಮೀಟರ್. ನಮ್ಮ ಜೋಗದ 253 ಮೀಟರ್ ಎದುರು ಅರ್ಧವೂ ಇಲ್ಲ. ಆದರೆ ಎದುರುಗೋಡೆಯೂ ನದಿಯ ಅಂಚಿನಷ್ಟೇ ಎತ್ತರ, ಅದೂ ಸುಮಾರು ನೂರು ಮೀಟರ್ ಆಚೆ. ಅಂದರೆ ಬೀಳುವ ನೀರಿನ ಸಮಕ್ಕೆ, ಅದರ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತೀರಿ.

ಬಿದ್ದ ನೀರು ತನ್ನ ಜತೆ ಗಾಳಿಯನ್ನೂ ಕೆಳಕ್ಕೆ ಒತ್ತಿಕೊಂಡು ಬರುತ್ತದೆ. ಇಕ್ಕಟ್ಟಾದ ಬಿರುಕಿನಲ್ಲಿ ಆ ಗಾಳಿಗೆ ಹೊರಗೆ ಹೋಗಲು ಮೇಲೆ ಬಿಟ್ಟರೆ ದಾರಿಯಿಲ್ಲ. ಅದು ಹನಿಗಳನ್ನು ಹೊತ್ತುಕೊಂಡು ವಾಪಸ್ ಮೇಲೇಳುತ್ತದೆ. ತುಂಬು ನೀರಿನ ದಿನಗಳಲ್ಲಿ 400 ಮೀಟರಿಗೂ ಮೇಲೆ ಏರುವ ಈ ಎರಚಲು ಹತ್ತಾರು ಕಿಲೋಮೀಟರ್ ದೂರಕ್ಕೆ ಹೊಗೆಯಂತೆ ಕಾಣುತ್ತದೆ. ಅಲ್ಲಿನವರು ಇಟ್ಟ ಹೆಸರು ಮೋಸಿ-ಓ-ಟುನ್ಯಾ, ಗುಡುಗುವ ಹೊಗೆ. 1855ರ ನವೆಂಬರ್‌ನಲ್ಲಿ ಬಂದ ಸ್ಕಾಟಿಷ್ ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ ತನ್ನ ರಾಣಿಯ ಹೆಸರಿಟ್ಟ. ನನ್ನನ್ನು ಕೇಳಿದರೆ ಹಳೆಯ ಹೆಸರಿನಲ್ಲೇ ಹವಾಮಾನ ವರದಿ ಇದೆ. ಎದುರು ದಡದಲ್ಲಿ ವರ್ಷದ ಬಹುಪಾಲು ಈ ಹನಿಯೇ ಮಳೆಯಾಗಿ ಸುರಿಯುವುದರಿಂದ ಅಲ್ಲೊಂದು ಕಿರಿದಾದ ಪಟ್ಟಿಯಲ್ಲಿ ಮಲೆನಾಡಿನಂಥ ಕಾಡು ಬೆಳೆದಿದೆ: ಅತ್ತಿ ಜಾತಿಯ ದೊಡ್ಡ ಮರಗಳು, ಜರೀಗಿಡ, ಪಾಚಿ. ಅದನ್ನು ದಾಟಿ ಸ್ವಲ್ಪ ಆಚೆ ಹೋದರೆ ಒಣ ಕುರುಚಲು.

ಬಿರುಕಿಗೆ ಬಿದ್ದ ಅಷ್ಟೂ ನೀರು ಹೊರಬೀಳಲು ಇರುವುದು ಒಂದೇ ಕಂಡಿ, ಅಗಲ ಸುಮಾರು 110 ಮೀಟರ್. ಅದು ಎದುರುಗೋಡೆಯ ನಟ್ಟನಡುವೆ ಇಲ್ಲ, ಪಶ್ಚಿಮದ ತುದಿಯಿಂದ ಅಳೆದರೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ದೂರದಲ್ಲಿದೆ. ಈ ಕಂಡಿ ಎದುರುಗೋಡೆಯನ್ನು ಎರಡು ತುಂಡು ಮಾಡುತ್ತದೆ. ಪಶ್ಚಿಮದ ಉದ್ದ ತುಂಡು ಜಿಂಬಾಬ್ವೆಯದು, ಪೂರ್ವದ ಗಿಡ್ಡ ತುಂಡು ಜಾಂಬಿಯಾದ್ದು. ಜಿಂಬಾಬ್ವೆಯಿಂದ ಹೆಚ್ಚು ಕಾಣುತ್ತದೆ, ಜಾಂಬಿಯಾದಿಂದ ಕಡಿಮೆ ಕಾಣುತ್ತದೆ ಎಂಬ ಮಾತಿನ ಹಿಂದಿರುವುದು ಇಷ್ಟೇ. ನೀರಿನ ಪಾಲು ಯಾರಿಗೆಷ್ಟು ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ನಿಲ್ಲುವ ಜಾಗ ಯಾರಿಗೆಷ್ಟು ಎಂಬುದೇ ಮುಖ್ಯ.

ಪಶ್ಚಿಮದಿಂದ ಪೂರ್ವಕ್ಕೆ ಹೆಸರುಗಳನ್ನು ಒಮ್ಮೆ ಹೇಳಿಕೊಂಡುಬಿಡಿ: ಡೆವಿಲ್ಸ್ ಕ್ಯಾಟರಾಕ್ಟ್, ಮೇನ್ ಫಾಲ್ಸ್, ಲಿವಿಂಗ್‌ಸ್ಟನ್ ದ್ವೀಪ, ಹಾರ್ಸ್‌ಶೂ, ರೇನ್‌ಬೋ, ಆರ್ಮ್‌ಚೇರ್, ಕೊನೆಗೆ ಈಸ್ಟರ್ನ್ ಕ್ಯಾಟರಾಕ್ಟ್. ಇದರಲ್ಲಿ ಡೆವಿಲ್ಸ್ ಕ್ಯಾಟರಾಕ್ಟ್ ಬೇರೆಯವಕ್ಕಿಂತ ತಗ್ಗಿನಲ್ಲಿದೆ. ಇಲ್ಲಿನ ಕಲ್ಲು ಸುಮಾರು 18 ಕೋಟಿ ವರ್ಷ ಹಿಂದಿನ ಲಾವಾ, ಅದರ ಅಡ್ಡ ಬಿರುಕುಗಳಲ್ಲಿ ಮೆದು ಕಲ್ಲು ತುಂಬಿಕೊಂಡಿದೆ. ನದಿ ಒಂದೊಂದೇ ಬಿರುಕನ್ನು ಕೊರೆದು ಹಿಂದೆ ಸರಿಯುತ್ತ ಬಂದಿದೆ. ಕೆಳಗೆ ಹಾವಿನಂತೆ ಅಂಕುಡೊಂಕಾಗಿ ಹೋಗುವ ಕಮರಿಗಳೆಲ್ಲ ಹಿಂದೊಮ್ಮೆ ಜಲಪಾತವಿದ್ದ ಜಾಗಗಳೇ. ಮುಂದಿನ ಬಿರುಕನ್ನು ಕೊರೆಯುವ ಕೆಲಸ ಶುರುವಾಗಿರುವುದು ಡೆವಿಲ್ಸ್ ಕ್ಯಾಟರಾಕ್ಟ್‌ನಲ್ಲಿ. ತಗ್ಗಾಗಿರುವುದರಿಂದ ಬರಗಾಲದಲ್ಲೂ ನೀರು ಮೊದಲು ಅಲ್ಲಿಗೇ ಹೋಗುತ್ತದೆ. ಪೂರ್ವದ ಕಡೆಯ ಅಂಚು ಎತ್ತರ, ಹಾಗಾಗಿ ಮೊದಲು ಒಣಗುವುದು ಆ ಕಡೆ. ಜತೆಗೆ ಜಾಂಬಿಯಾದ 108 ಮೆಗಾವಾಟ್ ವಿದ್ಯುದಾಗಾರ ಜಲಪಾತದ ಮೇಲಿನಿಂದಲೇ ನೀರು ತಿರುಗಿಸಿಕೊಂಡು ಕೆಳಗಿನ ಕಮರಿಯಲ್ಲಿ ಬಿಡುತ್ತದೆ. ಶರಾವತಿ ಕತೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. (ಎತ್ತರವೂ 108, ಮೆಗಾವಾಟೂ 108. ಜಪಮಾಲೆ ಹಿಡಿದವರು ಖುಷಿಪಡಬಹುದು.)

ನೀರು ತಡವಾಗಿ ಬರುವುದೇಕೆ? ಜಾಂಬೆಜಿ ಹುಟ್ಟುವುದು ಜಾಂಬಿಯಾದ ವಾಯವ್ಯ ಮೂಲೆಯಲ್ಲಿ. ಅಂಗೋಲದೊಳಗೆ ಹೋಗಿ, ತಿರುಗಿ ಜಾಂಬಿಯಾಕ್ಕೆ ಬಂದು, ಬರೋಟ್ಸೆ ಎಂಬ ವಿಶಾಲ ಬಯಲಿನಲ್ಲಿ ಹರಡಿಕೊಳ್ಳುತ್ತದೆ. ಮಳೆಗಾಲ ನವೆಂಬರ್‌ನಿಂದ ಮಾರ್ಚ್. ಆ ಮಳೆಯ ನೀರನ್ನು ಈ ಬಯಲು ಸ್ಪಂಜಿನಂತೆ ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಅದಕ್ಕೇ ಜಲಪಾತದ ಊರಿನಲ್ಲಿ ಆಕಾಶ ಶುಭ್ರವಾಗಿರುವ ಏಪ್ರಿಲ್‌ನಲ್ಲಿ ನದಿ ಉಕ್ಕುತ್ತದೆ, ಜೋರು ಮಳೆ ಸುರಿಯುವ ಡಿಸೆಂಬರ್‌ನಲ್ಲಿ ಸೊರಗಿರುತ್ತದೆ. ಒಳ್ಳೆಯ ವರ್ಷದ ಏಪ್ರಿಲ್‌ನಲ್ಲಿ ಸೆಕೆಂಡಿಗೆ 3000 ಘನ ಮೀಟರ್, ಕೆಆರ್‌ಎಸ್ ಭಾಷೆಯಲ್ಲಿ ಹೇಳಿದರೆ ಲಕ್ಷ ಕ್ಯೂಸೆಕ್ ದಾಟುವ ಹರಿವು ನವೆಂಬರ್ ಹೊತ್ತಿಗೆ ಹತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಎಲ್ಲ ವರ್ಷವೂ ಒಂದೇ ಸಮ ಇರುವುದಿಲ್ಲ. ಎರಡೂ ದೇಶಗಳು ಸೇರಿ ನಡೆಸುವ ಜಾಂಬೆಜಿ ನದಿ ಪ್ರಾಧಿಕಾರ ವಿಕ್ಟೋರಿಯಾ ಬಳಿಯ ಹರಿವಿನ ಅಂಕಿಯನ್ನು ತನ್ನ ಜಾಲತಾಣದಲ್ಲಿ ಹಾಕುತ್ತಿರುತ್ತದೆ, ಹಿಂದಿನ ವರ್ಷದ ಅದೇ ದಿನದ ಅಂಕಿ ಪಕ್ಕದಲ್ಲಿಟ್ಟು. ಹೋಟೆಲ್ ಕಾದಿರಿಸುವ ಮೊದಲು ನೋಡಬೇಕಾದ್ದು ಅದು, ಯಾರೋ ಹಾಕಿದ ಫೋಟೊ ಅಲ್ಲ.

ತಿಂಗಳು ಮತ್ತು ದಡ

ಮಾರ್ಚ್ ಕೊನೆಯಿಂದ ಮೇ ತನಕ ಹೋಗುವುದಾದರೆ, ಜಲಪಾತ ‘ನೋಡುವ’ ಆಸೆಯನ್ನು ಸ್ವಲ್ಪ ಬದಿಗಿಡಿ. ಜಿಂಬಾಬ್ವೆ ದಾರಿಯ ಪಶ್ಚಿಮ ತುದಿಯಲ್ಲಿ, ಡೆವಿಲ್ಸ್ ಕ್ಯಾಟರಾಕ್ಟ್ ಎದುರು ಮಾತ್ರ ನೋಟ ತೆರೆದಿರುತ್ತದೆ. ಅಲ್ಲಿ ಪಕ್ಕದಿಂದ ನೋಡುತ್ತೀರಿ, ಎರಚಲು ನೇರ ಮುಖಕ್ಕೆ ಬರುವುದಿಲ್ಲ. ಮೇನ್ ಫಾಲ್ಸ್ ಎದುರಿಗೆ ಬಂದರೆ ಬಿಳಿ ಗೋಡೆ. ಗಾಳಿ ಬೀಸಿದಾಗ ಒಂದೆರಡು ಕ್ಷಣ ಪರದೆ ಸರಿದಂತಾಗಿ ನೀರಿನ ಅಂಚು ಕಂಡು ಮತ್ತೆ ಮುಚ್ಚುತ್ತದೆ. ಜಾಂಬಿಯಾ ಕಡೆಯ ನೈಫ್ ಎಡ್ಜ್ ಕಾಲುಸೇತುವೆಯಲ್ಲಂತೂ ತಲೆ ಮೇಲೆ ಬಿಂದಿಗೆಗಟ್ಟಲೆ ಸುರಿದ ಹಾಗೆ. ಈ ಕಾಲದಲ್ಲಿ ಇಡೀ ಆಕಾರ ಕಾಣಬೇಕೆಂದರೆ ಹೆಲಿಕಾಪ್ಟರ್ ಒಂದೇ ದಾರಿ. ಹತ್ತು-ಹದಿನೈದು ನಿಮಿಷದ ಹಾರಾಟಕ್ಕೆ ಕೊಡುವ ದುಡ್ಡು ಬೇರೆ ತಿಂಗಳುಗಳಲ್ಲಿ ದಂಡ ಅನ್ನಿಸಬಹುದು, ಏಪ್ರಿಲ್‌ನಲ್ಲಿ ಅಲ್ಲ. ನದಿ ಉಕ್ಕಿದ ಕಾಲದ ಸದ್ದಿಗೆ, ಪಾದದಡಿಯ ನೆಲ ಅದುರುವುದಕ್ಕೆ ಮಾತ್ರ ಬೇರಾವ ತಿಂಗಳೂ ಸಾಟಿಯಿಲ್ಲ.

ಜೂನ್ ಕೊನೆ ಮತ್ತು ಜುಲೈ ನನ್ನ ಲೆಕ್ಕದಲ್ಲಿ ಉತ್ತಮ. ಅಂಚಿನ ಉದ್ದಕ್ಕೂ ನೀರಿರುತ್ತದೆ, ಎರಚಲು ತಗ್ಗಿರುತ್ತದೆ, ಎರಡೂ ದಡ ಬೆಲೆ ಬಾಳುತ್ತವೆ. ಅಲ್ಲಿ ಅದು ಚಳಿಗಾಲ. ಬೆಳಿಗ್ಗೆ ಆರಕ್ಕೆ ತೆರೆದ ಜೀಪಿನಲ್ಲಿ ಸಫಾರಿಗೆ ಹೊರಟವರು ‘ಆಫ್ರಿಕಾ ಅಂದರೆ ಸೆಕೆ’ ಎಂದು ಸ್ವೆಟರ್ ಬಿಟ್ಟು ಬಂದದ್ದಕ್ಕೆ ಹಲ್ಲು ಕಡಿಯುತ್ತ ಕೂರುತ್ತಾರೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನೋಟ ಇನ್ನಷ್ಟು ಸ್ಪಷ್ಟ, ಆದರೆ ಪೂರ್ವದ ಕಡೆಯಿಂದ ಬಂಡೆ ಹಲ್ಲು ತೋರಿಸತೊಡಗುತ್ತದೆ.

ಅಕ್ಟೋಬರ್, ನವೆಂಬರ್ ಅಲ್ಲಿನ ಕಡು ಬೇಸಿಗೆ, ಮಧ್ಯಾಹ್ನ 35 ಡಿಗ್ರಿ ದಾಟುವುದು ಮಾಮೂಲು. ದಸರಾ ರಜೆಗೆ ಹೋಗುವವರು ಜಿಂಬಾಬ್ವೆ ದಡವನ್ನೇ ಹಿಡಿಯಬೇಕು. ಡೆವಿಲ್ಸ್ ಕ್ಯಾಟರಾಕ್ಟ್ ಮತ್ತು ಮೇನ್ ಫಾಲ್ಸ್ ಆಗಲೂ ಬೀಳುತ್ತಿರುತ್ತವೆ, ತಳ ಕೂಡ ಕಾಣುತ್ತದೆ. ಜಾಂಬಿಯಾ ಕಡೆ ಎದುರಿಗೆ ಇರುವುದು ಕಪ್ಪು ಬಂಡೆ. ಹಾಗಿದ್ದೂ ಆಗ ಜಾಂಬಿಯಾಕ್ಕೆ ಹೋಗಲು ಒಂದು ಕಾರಣವಿದೆ: ಡೆವಿಲ್ಸ್ ಪೂಲ್.

ಲಿವಿಂಗ್‌ಸ್ಟನ್ ದ್ವೀಪದ ಪಕ್ಕದಲ್ಲಿ, ನೀರು ಬೀಳುವ ಅಂಚಿಗೇ ತಾಗಿಕೊಂಡಿರುವ ಹೊಂಡ ಅದು. ಅಂಚಿನಲ್ಲಿ ಬಂಡೆಯ ತುಟಿಯೊಂದು ಗೋಡೆಯಂತೆ ಎದ್ದಿದೆ, ಅದಕ್ಕೆ ಎದೆ ಕೊಟ್ಟು ಕೆಳಗಿನ ಕಮರಿಯನ್ನು ಇಣುಕಬಹುದು. ಹರಿವು ಸಾಕಷ್ಟು ಇಳಿದಾಗ ಮಾತ್ರ ಬಿಡುತ್ತಾರೆ, ಸಾಮಾನ್ಯವಾಗಿ ಆಗಸ್ಟ್ ನಡುವಿನಿಂದ ಜನವರಿ ನಡುವಿನ ತನಕ. ಜಾಂಬಿಯಾ ದಡದಿಂದ ದೋಣಿಯಲ್ಲಿ, ಸಣ್ಣ ಗುಂಪು, ಜತೆಗೆ ಮಾರ್ಗದರ್ಶಿ. ಹೊಂಡ ತಲುಪಲು ಹರಿಯುವ ನೀರಿನಲ್ಲಿ ಸ್ವಲ್ಪ ದೂರ ಈಜಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟ್ ಕೊಳದಲ್ಲಿ ಕಲಿತ ಈಜು ಸಾಕೇ ಎಂದು ಕೇಳಿದರೆ, ನಿಂತ ನೀರಿನಲ್ಲಿ ನಿಲ್ಲದೆ ಐವತ್ತು ಮೀಟರ್ ಹೋಗಬಲ್ಲವರು ಹೊರಡಿ, ಉಳಿದವರು ದ್ವೀಪದಲ್ಲೇ ಕೂತು ನೋಡಿ ಎನ್ನುತ್ತೇನೆ. ಜಾಗ ಕಡಿಮೆ, ವಾರಗಳ ಮೊದಲೇ ತುಂಬಿಹೋಗುತ್ತದೆ. ಜಿಂಬಾಬ್ವೆಯಲ್ಲಿ ಉಳಿದುಕೊಂಡವರು ಗಡಿ ದಾಟಿ ಬರಬೇಕಾಗುವುದರಿಂದ ವೀಸಾದ ಮಾತು ಇಲ್ಲೇ ಬರುತ್ತದೆ.

ಗಡಿ ದಾಟುವುದು

ಹೆಚ್ಚು ಜನ ಎಡವುವುದು ಇಲ್ಲೇ. ಒಂದು ಸಲದ ಪ್ರವೇಶದ ವೀಸಾ ಹಿಡಿದು ಜಿಂಬಾಬ್ವೆಯಲ್ಲಿ ಇಳಿದು, ಮಧ್ಯಾಹ್ನ ಸೇತುವೆ ದಾಟಿ ಜಾಂಬಿಯಾ ನೋಡಿ, ಸಂಜೆ ಹೋಟೆಲಿಗೆ ವಾಪಸ್ ಹೊರಟರೆ ಅದು ಎರಡನೇ ಪ್ರವೇಶ. ಹೊಸ ವೀಸಾ ಬೇಕು. ಎರಡೂ ದೇಶಕ್ಕೆ ಒಟ್ಟಿಗೆ ನಡೆಯುವ ಕಾಜಾ ಯೂನಿವೀಸಾ ಎಂಬುದಿದೆ, 50 ಡಾಲರ್, 30 ದಿನ, ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು. ಕಜುಂಗುಲಾ ಗಡಿಯ ಮೂಲಕ ಬೋಟ್ಸ್ವಾನಾದ ಚೋಬೆ ರಾಷ್ಟ್ರೀಯ ಉದ್ಯಾನಕ್ಕೆ ಬೆಳಿಗ್ಗೆ ಹೋಗಿ ಸಂಜೆ ಮರಳುವುದೂ ಇದರಲ್ಲಿ ನಡೆಯುತ್ತದೆ. ರಾತ್ರಿ ಅಲ್ಲೇ ಉಳಿದರೆ ವೀಸಾ ಮುಗಿದಂತೆ. ಇದು ಯಾವ ದೇಶದ ಪಾಸ್‌ಪೋರ್ಟಿಗೆ ಸಿಗುತ್ತದೆ ಎನ್ನುವುದಕ್ಕೆ ಪಟ್ಟಿಯಿದೆ, ಆ ಪಟ್ಟಿ ಆಗಾಗ ಬದಲಾಗುತ್ತದೆ. ಎರಡೂ ದೇಶಗಳ ವಲಸೆ ಇಲಾಖೆಯ ತಾಣದಲ್ಲಿ ಹೊರಡುವ ತಿಂಗಳಿನಲ್ಲೇ ನೋಡಿಕೊಳ್ಳಿ. ಟ್ರಾವೆಲ್ ಏಜೆಂಟ್ ಎರಡು ವರ್ಷದ ಹಿಂದೆ ಕಳಿಸಿದವರ ಅನುಭವ ಹೇಳಿದರೆ ಅದನ್ನು ನಂಬಿ ವಿಮಾನ ಹತ್ತಬೇಡಿ. ಯೂನಿವೀಸಾ ಇಲ್ಲದಿದ್ದರೆ, ವಾಪಸ್ ಬರುವ ದೇಶಕ್ಕೆ ಎರಡು ಪ್ರವೇಶದ ವೀಸಾ ಕೇಳಿ. ಅಥವಾ ಒಂದು ದೇಶದ ವಿಮಾನ ನಿಲ್ದಾಣದಲ್ಲಿ ಇಳಿದು ಇನ್ನೊಂದರಿಂದ ಹೊರಡಿ. ಜಲಪಾತದ ಹತ್ತಿರ ಎರಡೂ ಕಡೆ ವಿಮಾನ ನಿಲ್ದಾಣ ಇರುವುದರಿಂದ ಇದು ಕಷ್ಟವಲ್ಲ.

ವೀಸಾ ಖರ್ಚೇ ಬೇಡ, ಸೇತುವೆ ಮಾತ್ರ ನೋಡಬೇಕು ಅನ್ನುವವರಿಗೆ ಬ್ರಿಜ್ ಪಾಸ್ ಇದೆ. ಗಡಿ ಕಚೇರಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ‘ಬ್ರಿಜ್’ ಎಂದರೆ ಒಂದು ಸಣ್ಣ ಚೀಟಿ ಕೊಡುತ್ತಾರೆ. ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲ. ಆ ಚೀಟಿ ಸೇತುವೆಯ ತನಕ ಮಾತ್ರ, ಎದುರು ದೇಶದ ಕಚೇರಿ ದಾಟುವಂತಿಲ್ಲ. ವಾಪಸ್ ಬರುವಾಗ ಅದನ್ನೇ ಕೊಡಬೇಕು. ಎರಚಲಿಗೆ ನೆನೆದು ಮುದ್ದೆಯಾದ ಚೀಟಿ ಹಿಡಿದು ಕಿಟಕಿ ಮುಂದೆ ವಾದ ಮಾಡುವ ಬದಲು ಕೊಡುತ್ತಿದ್ದಂತೆಯೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ.

ಗಡಿ ದಾಟಲು ಟ್ಯಾಕ್ಸಿ ಬೇಕಿಲ್ಲ. ಜಿಂಬಾಬ್ವೆಯ ವಿಕ್ಟೋರಿಯಾ ಫಾಲ್ಸ್ ಊರಿನಿಂದ ಉದ್ಯಾನದ ಗೇಟು, ಗಡಿ ಕಚೇರಿ, ಸೇತುವೆ ಎಲ್ಲ ಕಾಲ್ನಡಿಗೆಯ ದೂರ. ಜಾಂಬಿಯಾ ಕಡೆಯೂ ಜಲಪಾತದ ಗೇಟು ಗಡಿ ಕಚೇರಿಯ ಪಕ್ಕದಲ್ಲೇ ಇದೆ. ಲಿವಿಂಗ್‌ಸ್ಟನ್ ಪಟ್ಟಣ ಮಾತ್ರ ಅಲ್ಲಿಂದ ಹತ್ತು ಕಿಲೋಮೀಟರ್, ಅದಕ್ಕೆ ಟ್ಯಾಕ್ಸಿ ಬೇಕು. ಬಿಸಿಲು ನೆತ್ತಿಗೇರುವ ಮೊದಲು ಹೊರಟರೆ ಒಂದೇ ದಿನದಲ್ಲಿ ಎರಡೂ ದಡ ಮುಗಿಯುತ್ತದೆ. ಕತ್ತಲಾದ ಮೇಲೆ ಈ ರಸ್ತೆಗಳಲ್ಲಿ ನಡೆಯಬೇಡಿ. ಕಳ್ಳರಿಗಿಂತ ಹೆಚ್ಚಾಗಿ ಆನೆಗಳ ಕಾರಣಕ್ಕೆ. ಜಿಂಬಾಬ್ವೆಯ ಊರಿನೊಳಗೆ ಆನೆ, ಕಾಡುಹಂದಿ ಬಂದು ಹೋಗುವುದು ದಿನನಿತ್ಯದ ವಿಷಯ. ಕೊಡಗು, ಹಾಸನದವರಿಗೆ ಹೊಸದೇನಲ್ಲ.

ಆ ಸೇತುವೆಯ ಮೇಲೆ ಐದು ನಿಮಿಷ ನಿಲ್ಲುವುದು ಒಳ್ಳೆಯದು. ದಕ್ಷಿಣ ಆಫ್ರಿಕಾದ ಕೇಪ್‌ನಿಂದ ಈಜಿಪ್ಟಿನ ಕೈರೋ ತನಕ ರೈಲು ಹಾಕುವ ಕನಸಿನಲ್ಲಿ ಬ್ರಿಟಿಷ್ ವಸಾಹತುಶಾಹಿ ಉದ್ಯಮಿ ಸೆಸಿಲ್ ರೋಡ್ಸ್ ಎರಚಲು ರೈಲುಡಬ್ಬಿಗೆ ತಾಗುವಂತಿರಬೇಕು ಎಂದು ಹಠ ಹಿಡಿದದ್ದರಿಂದ ಜಲಪಾತಕ್ಕೆ ಇಷ್ಟು ಹತ್ತಿರ ಕಟ್ಟಿದರು. ಆತ ಜಲಪಾತವನ್ನೂ ನೋಡಲಿಲ್ಲ, ಸೇತುವೆಯನ್ನೂ ನೋಡಲಿಲ್ಲ, 1902ರಲ್ಲೇ ತೀರಿಕೊಂಡ. ಉಕ್ಕಿನ ಭಾಗಗಳನ್ನು ಇಂಗ್ಲೆಂಡಿನ ಡಾರ್ಲಿಂಗ್ಟನ್‌ನಲ್ಲಿ ತಯಾರಿಸಿ, ಹಡಗು ಮತ್ತು ರೈಲಿನಲ್ಲಿ ತಂದು, ಕಮರಿಯ ಎರಡೂ ಗೋಡೆಗಳಿಂದ ಕಮಾನನ್ನು ಬೆಳೆಸುತ್ತ ಬಂದರು. 1905ರ ಏಪ್ರಿಲ್ 1ರಂದು ಎರಡು ತೋಳುಗಳನ್ನು ನಡುವೆ ಕೂಡಿಸಲು ಹೋದರೆ ಬಿಸಿಲಿಗೆ ಉಕ್ಕು ಹಿಗ್ಗಿ ಒಂದೂಕಾಲು ಇಂಚಿನಷ್ಟು ಒಂದರ ಮೇಲೊಂದು ಬಂತು. ಉಜ್ಜಲೂ ಇಲ್ಲ, ಕತ್ತರಿಸಲೂ ಇಲ್ಲ, ರಾತ್ರಿ ಕಳೆಯಲಿ ಎಂದು ಬಿಟ್ಟರು. ಮರುದಿನ ಬೆಳಗಿನ ತಂಪಿಗೆ ಉಕ್ಕು ಕುಗ್ಗಿ ಸರಿಯಾಗಿ ಕೂತಿತು. ಉದ್ದ 198 ಮೀಟರ್, ನೀರಿನಿಂದ ಎತ್ತರ 128 ಮೀಟರ್. ಅದೇ ವರ್ಷ ಸೆಪ್ಟೆಂಬರ್ 12ರಂದು ಉದ್ಘಾಟಿಸಿದ್ದು ಚಾರ್ಲ್ಸ್ ಡಾರ್ವಿನ್‌ನ ಮಗ ಜಾರ್ಜ್ ಡಾರ್ವಿನ್. 1975ರ ಆಗಸ್ಟ್‌ನಲ್ಲಿ ಇದೇ ಸೇತುವೆಯ ನಡುಮಧ್ಯೆ ರೈಲುಡಬ್ಬಿ ನಿಲ್ಲಿಸಿ, ಗಡಿಗೆರೆ ನಡುವೆ ಬರುವ ಹಾಗೆ ಕೂತು, ಆಗಿನ ರೊಡೇಶಿಯಾದ, ಅಂದರೆ ಈಗಿನ ಜಿಂಬಾಬ್ವೆಯ, ಬಿಳಿಯರ ಸರ್ಕಾರವೂ ಆಫ್ರಿಕನ್ ರಾಷ್ಟ್ರೀಯವಾದಿ ನಾಯಕರೂ ಮಾತುಕತೆ ನಡೆಸಿದರು. ಒಂದೇ ದಿನಕ್ಕೆ ಮುರಿದುಬಿತ್ತು. ಈಗ ಅಲ್ಲಿ 111 ಮೀಟರ್ ಬಂಜಿ ಜಿಗಿತ. ಜತೆಗೆ 2009ರ ನೂರು ಟ್ರಿಲಿಯನ್ ಜಿಂಬಾಬ್ವೆ ಡಾಲರ್ ನೋಟು ಮಾರುವವರು ನಿಮ್ಮನ್ನು ಹಿಂಬಾಲಿಸುತ್ತಾರೆ. ನೋಟಿಗೆ ಚೌಕಾಸಿ ಮಾಡಿ, ನಕಲಿಗಳೂ ಇರುತ್ತವೆ.

ಒದ್ದೆಯ ವಿಚಾರ

ಗೇಟಿನ ಬಳಿ ರೇನ್‌ಕೋಟ್ ಬಾಡಿಗೆಗೆ ಸಿಗುತ್ತದೆ. ಜೂನ್-ಜುಲೈನಲ್ಲಿ ಪ್ರಯೋಜನಕ್ಕೆ ಬರುತ್ತದೆ. ಏಪ್ರಿಲ್‌ನಲ್ಲಿ ಬರುವುದಿಲ್ಲ, ಏಕೆಂದರೆ ಆಗ ಹನಿ ಮೇಲಿನಿಂದ ಮಾತ್ರವಲ್ಲ, ಕಮರಿಯಿಂದ ಕೆಳಗಿನಿಂದಲೂ ಬರುತ್ತದೆ, ಕೋಟಿನೊಳಗೆ ನುಗ್ಗಿ ಕಂಕುಳ ತನಕ ನೆನೆಸುತ್ತದೆ. ಬೇಗ ಒಣಗುವ ಬಟ್ಟೆ ಹಾಕಿ ನೆನೆದುಬಿಡುವುದೇ ವಾಸಿ. ಜೀನ್ಸ್ ಬೇಡ. ಹವಾಯಿ ಚಪ್ಪಲಿಯೂ ಬೇಡ. ದಾರಿಯ ಕಲ್ಲಿನ ಮೇಲೆ ಪಾಚಿ ಇರುತ್ತದೆ, ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ಜಿಂಬಾಬ್ವೆ ದಾರಿಯ ಪೂರ್ವ ತುದಿಯ ಡೇಂಜರ್ ಪಾಯಿಂಟ್‌ನಲ್ಲಿ ಬೇಲಿ ಇಲ್ಲ, ಒದ್ದೆ ಬಂಡೆ, ಪಕ್ಕದಲ್ಲೇ ಪ್ರಪಾತ. ಹೆಸರಿಟ್ಟವರು ತಮಾಷೆ ಮಾಡಿಲ್ಲ, ಸೆಲ್ಫಿಗೆ ಹಿಂದೆ ಹಿಂದೆ ಹೆಜ್ಜೆ ಇಡುವ ಜಾಗ ಅದಲ್ಲ.

ಗಡಿ ದಾಟುವವರ ಜೇಬಿನಲ್ಲಿ ಪಾಸ್‌ಪೋರ್ಟ್ ಇರಲೇಬೇಕು, ಹಾಗಾಗಿ ಅದಕ್ಕೆ ಒಂದರೊಳಗೊಂದು ಎರಡು ಜಿಪ್ ಕವರ್. ಒಂದು ಕವರಿನ ಜಿಪ್ಪಿನ ಮೂಲೆಯಲ್ಲಿ ಯಾವಾಗಲೂ ನೀರು ಇಳಿಯುತ್ತದೆ, ಮುದ್ರೆಯ ಶಾಯಿ ಹರಡಿಕೊಂಡರೆ ಮುಂದಿನ ಕಿಟಕಿಯಲ್ಲಿ ಪ್ರಶ್ನೆ ತಪ್ಪಿದ್ದಲ್ಲ. ಕ್ಯಾಮೆರಾ ಎಸಿ ಕೋಣೆಯಿಂದ ನೇರ ಹೊರಗೆ ತೆಗೆದರೆ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಅರ್ಧ ಗಂಟೆ ಮೊದಲೇ ಚೀಲ ಸಮೇತ ಹೊರಗಿಡಿ. ಪೋಲರೈಸರ್ ಫಿಲ್ಟರ್ ಹಾಕಿದವರು ಅದನ್ನು ತಿರುಗಿಸುವಾಗ ಕಾಮನಬಿಲ್ಲು ಮಾಯವಾದರೆ ಗಾಬರಿಯಾಗಬೇಡಿ, ಬಿಲ್ಲಿನ ಬೆಳಕೇ ಧ್ರುವೀಕರಣಗೊಂಡಿರುತ್ತದೆ, ಇನ್ನೂ ಕಾಲು ಸುತ್ತು ತಿರುಗಿಸಿದರೆ ಗಾಢವಾಗಿ ಮರಳುತ್ತದೆ. ಬಿಲ್ಲು ಎಲ್ಲಿ ಬೀಳುತ್ತದೆ ಎಂದು ಯಾರನ್ನೂ ಕೇಳಬೇಕಿಲ್ಲ. ಸೂರ್ಯನಿಗೆ ಬೆನ್ನು ಕೊಡಿ. ಬೆಳಿಗ್ಗೆ ಪಶ್ಚಿಮಕ್ಕೆ, ಸಂಜೆ ಪೂರ್ವಕ್ಕೆ, ಬಿಸಿಲೇರಿದ ಮೇಲೆ ಕಮರಿಯೊಳಕ್ಕೆ ಬಗ್ಗಿ ನೋಡಿದರೆ ಕಾಲ ಕೆಳಗೆ.

ಜಾಂಬಿಯಾ ಕಡೆ ಬಾಯ್ಲಿಂಗ್ ಪಾಟ್‌ಗೆ ಇಳಿಯುವ ಕಾಲುದಾರಿ ಇದೆ. ಕಂಡಿಯಿಂದ ಹೊರಬಿದ್ದ ನೀರು ಗೋಡೆಗೆ ಬಡಿದು ಸುಳಿ ಸುತ್ತುವ ಜಾಗ. ಇಳಿಯುವುದು ಸಲೀಸು, ಹತ್ತುವಾಗ ಮಂಡಿ ಮಾತಾಡುತ್ತದೆ. ದಾರಿಯಲ್ಲಿ ಬಬೂನ್ ಕೋತಿಗಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ತಿಂಡಿ ಎಂದೇ ಅರ್ಥ ಅವಕ್ಕೆ. ನಮ್ಮ ಕೋತಿಗಳಿಗಿಂತ ದೊಡ್ಡವು, ಹಲ್ಲೂ ದೊಡ್ಡದು, ಹಗ್ಗಜಗ್ಗಾಟ ಬೇಡ, ಬಿಟ್ಟುಬಿಡಿ. ಕೆಳಗಿನ ಕಮರಿಗಳಲ್ಲಿ ರಾಫ್ಟಿಂಗ್ ಆಸೆ ಇದ್ದವರಿಗೆ ಆಗಸ್ಟ್‌ನಿಂದ ಡಿಸೆಂಬರ್ ಒಳ್ಳೆಯ ಕಾಲ. ನೀರು ಇಳಿದಾಗಲೇ ಮೇಲಿನ ಸುಳಿಗಳನ್ನೂ ಸೇರಿಸಿ ಪೂರ್ತಿ ಓಟ ಸಿಗುತ್ತದೆ. ಏಪ್ರಿಲ್ ಸುಮಾರಿಗೆ ನಿಲ್ಲಿಸಿರುತ್ತಾರೆ. ದೋಣಿ ಓಟಕ್ಕಿಂತ ಕೊನೆಗೆ ಕಮರಿಯಿಂದ ಮೇಲೆ ಹತ್ತುವುದೇ ಜಾಸ್ತಿ ಸುಸ್ತು ಎನ್ನುವುದನ್ನು ಯಾವ ಕರಪತ್ರವೂ ಹೇಳುವುದಿಲ್ಲ.

ದುಡ್ಡು, ಲಸಿಕೆ, ಊಟ

ರೂಪಾಯಿ ಅಲ್ಲಿ ನಡೆಯುವುದಿಲ್ಲ. ಜಿಂಬಾಬ್ವೆಯಲ್ಲಿ ಅಮೆರಿಕನ್ ಡಾಲರ್, ಜಾಂಬಿಯಾದಲ್ಲಿ ಕ್ವಾಚಾ. ಒಂದು, ಐದು, ಹತ್ತರ ನೋಟು ಹೆಚ್ಚಿಟ್ಟುಕೊಳ್ಳಿ, ಚಿಲ್ಲರೆ ಯಾರ ಹತ್ತಿರವೂ ಇರುವುದಿಲ್ಲ. ಐವತ್ತು, ನೂರರ ನೋಟು ಹರಿದಿದ್ದರೆ ಅಥವಾ ಗೀಚಿದ್ದರೆ ಮುಟ್ಟುವುದೇ ಇಲ್ಲ. ನೋಟು ಬದಲಿಸಿಕೊಡುವವರ ಮುಂದೆ ನಾಚಿಕೆ ಬಿಟ್ಟು ಒಂದೊಂದೇ ತಿರುಗಿಸಿ ನೋಡಿ ತೆಗೆದುಕೊಳ್ಳಿ. ಪ್ರವೇಶ ಶುಲ್ಕ ಜಿಂಬಾಬ್ವೆ ಕಡೆ ಜಾಸ್ತಿ, ಜಾಂಬಿಯಾ ಕಡೆ ಕಡಿಮೆ. ಹರಿವು ಇಳಿದ ತಿಂಗಳುಗಳಲ್ಲಿ ಆ ವ್ಯತ್ಯಾಸಕ್ಕೆ ಅರ್ಥವಿದೆ.

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಜೋಹಾನ್ಸ್‌ಬರ್ಗ್, ಆಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ ಬದಲಿಸಬೇಕು. ಜೋಹಾನ್ಸ್‌ಬರ್ಗ್ ಮೂಲಕ ಎರಡು ಬೇರೆ ಬೇರೆ ಟಿಕೆಟ್ ತೆಗೆದರೆ ಸಾಮಾನು ಪಡೆಯಲು ಹೊರಗೆ ಬರಬೇಕಾದೀತು, ಹೊರಗೆ ಬರಲು ದಕ್ಷಿಣ ಆಫ್ರಿಕಾ ವೀಸಾ ಬೇಕು. ಒಂದೇ ಟಿಕೆಟ್ ತೆಗೆದು ಸಾಮಾನನ್ನು ಕೊನೆಯ ನಿಲ್ದಾಣದ ತನಕ ಕಳಿಸಿ. ಇಥಿಯೋಪಿಯಾ, ಕೀನ್ಯಾ ಎರಡೂ ಭಾರತದ ಹಳದಿ ಜ್ವರದ ಪಟ್ಟಿಯಲ್ಲಿವೆ. ವಿಮಾನ ನಿಲ್ದಾಣದೊಳಗೇ ಇದ್ದು ಬದಲಿಸಿದರೆ ವಿನಾಯಿತಿಗೆ ಅವಕಾಶವಿದೆ. ವಿಮಾನ ತಡವಾಗಿ ಕಂಪನಿಯವರು ಊರೊಳಗಿನ ಹೋಟೆಲಿಗೆ ಕಳಿಸಿದರೆ ಕತೆ ಬೇರೆ. ಪ್ರಮಾಣಪತ್ರವಿಲ್ಲದೆ ಮರಳಿದವರನ್ನು ಆರು ದಿನದ ತನಕ ಪ್ರತ್ಯೇಕವಾಗಿ ಇರಿಸಬಹುದು. ಅದಕ್ಕಿಂತ ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಒಂದು ಚುಚ್ಚುಮದ್ದು ಹಾಕಿಸಿಕೊಳ್ಳುವುದು ಲೇಸು. ಹಾಕಿಸಿದ ಹತ್ತು ದಿನದ ನಂತರ ಪ್ರಮಾಣಪತ್ರ ಜಾರಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ. ಹೊರಡುವ ಹಿಂದಿನ ವಾರ ಹಾಕಿಸಿದರೆ ಪ್ರಯೋಜನವಿಲ್ಲ. ಅದು ಮಲೇರಿಯಾ ಪ್ರದೇಶವೂ ಹೌದು, ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ.

ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಹೊತ್ತೊಯ್ಯುವುದು ತಪ್ಪಲ್ಲ. ಆದರೆ ಹಳೇ ಮೈಸೂರಿನವರಿಗೆ ಅಲ್ಲಿನ ಊಟ ಪರಕೀಯ ಅನ್ನಿಸುವುದಿಲ್ಲ. ಬಿಳಿ ಮೆಕ್ಕೆಜೋಳದ ಹಿಟ್ಟು ತೊಳಸಿದ ಮುದ್ದೆ, ಜಿಂಬಾಬ್ವೆಯಲ್ಲಿ ಸಾಡ್ಜಾ, ಜಾಂಬಿಯಾದಲ್ಲಿ ನ್ಶಿಮಾ. ಜತೆಗೆ ಬೇಯಿಸಿದ ಸೊಪ್ಪು, ಹುರುಳಿಕಾಯಿ ಬೀಜದಂಥ ಕಾಳು. ಕೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಸೊಪ್ಪನ್ನು ಬಾಚಿಕೊಂಡು ತಿನ್ನುತ್ತಾರೆ. ಒಂದೇ ವ್ಯತ್ಯಾಸ, ನುಂಗುವುದಿಲ್ಲ, ಅಗಿಯುತ್ತಾರೆ.

ದಿನಾಂಕ ಇನ್ನೂ ನಿಮ್ಮ ಕೈಯಲ್ಲಿದ್ದರೆ ಜೂನ್ ಅಥವಾ ಜುಲೈ ತಿಂಗಳ ಹುಣ್ಣಿಮೆಯನ್ನು ಪಂಚಾಂಗದಲ್ಲಿ ನೋಡಿ. ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ಎರಡೂ ಉದ್ಯಾನಗಳನ್ನು ಬೇರೆ ಶುಲ್ಕಕ್ಕೆ ತೆರೆಯುತ್ತಾರೆ, ಚಂದ್ರನ ಬೆಳಕಿಗೆ ಕಾಮನಬಿಲ್ಲು ಮೂಡುತ್ತದೆ. ಸಂಜೆ ಚಂದ್ರ ಪೂರ್ವದಲ್ಲಿ ಏರುವುದರಿಂದ ಬಿಲ್ಲು ಪಶ್ಚಿಮಕ್ಕೆ. ಕಣ್ಣಿಗೆ ಅದು ಬೂದಿ ಬಳಿದ ಬಿಳಿ ಕಮಾನಿನಂತೆ ಕಾಣುತ್ತದೆ, ಅಷ್ಟು ಮಂದ ಬೆಳಕಿನಲ್ಲಿ ಕಣ್ಣು ಬಣ್ಣ ಹಿಡಿಯುವುದಿಲ್ಲ. ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲಿಟ್ಟು, ಐಎಸ್ಒ 1600, ಹತ್ತು-ಹದಿನೈದು ಸೆಕೆಂಡ್ ತೆರೆದರೆ ಕೆಂಪು, ಹಸಿರು, ನೇರಳೆ ಒಂದೊಂದೇ ಪರದೆಗೆ ಬರುತ್ತವೆ. ಪ್ರತಿ ಚಿತ್ರಕ್ಕೂ ಮೊದಲು ಲೆನ್ಸ್ ಒರೆಸಿ. ಒಣ ಬಟ್ಟೆ ಒಂದು ಸಾಲದು, ನಾಲ್ಕೈದು ತನ್ನಿ.